ಸ್ನಾನದ ನೀರಿಗೂ ಲೆಕ್ಕವುಂಟು

ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪುಗಳಿಂದ ಮೇಲೆತ್ತಿದ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ಸಾಗಿ ಬೆಂಗಳೂರನ್ನು ತಲುಪುತ್ತದೆ. ಯಡಿಯೂರಿನ ಮನೆಗಳಲ್ಲಿ ಅದು ಒಂದೇ ಬಳಕೆಗೆ ಚರಂಡಿ ಸೇರುವುದು ನಷ್ಟವೇ ಸರಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು.

ಸ್ನಾನದ ಹಾಗೂ ಬಟ್ಟೆ ಒಗೆದ ನೀರಿನ ಕೊಳವೆಯನ್ನು ಶೌಚಾಲಯ, ಅಡುಗೆಮನೆಗಳ ಕೊಳವೆಗಳಿಂದ ಬೇರ್ಪಡಿಸಬೇಕು. ಜಾಲರಿಯಲ್ಲಿ ಸೋಸಿದ ಈ ನೀರನ್ನು ಜಲ್ಲಿ ತುಂಬಿ ಕಾಬಾಳೆ ನೆಟ್ಟ ತೊಟ್ಟಿಗೆ ಹರಿಸಿದರೆ, ಬೇರುಗಳ ಸುತ್ತಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ವಿಘಟಿಸುತ್ತವೆ. ನೀರಿನ ಮಟ್ಟ ಜಲ್ಲಿಯ ಕೆಳಗೇ ಇದ್ದರೆ ಸೊಳ್ಳೆಗೆ ಆಸ್ಪದವಿಲ್ಲ. ಹೊರಬರುವ ನೀರನ್ನು ಕೂಡಿಡದೆ ಗಿಡಗಳಿಗೆ ಬಳಸತಕ್ಕದ್ದು.

ಮನೆ ಕಟ್ಟುವಾಗಲೇ ಕೊಳವೆ ಬೇರ್ಪಡಿಸಿದರೆ ವೆಚ್ಚ ಅಲ್ಪ. ಅನಂತರ ನೆಲ ಅಗೆಯುವುದೇ ದುಬಾರಿ. ಉಳಿತಾಯವನ್ನು ಬೇಸಿಗೆಯ ಟ್ಯಾಂಕರ್ ದರದೊಡನೆ ತೂಗಿ ನೋಡುವುದು ಸೂಕ್ತ.