ಚಿಪ್ಪುಹಂದಿಯೂ ಮಡಿವಾಳ ಹಕ್ಕಿಯೂ

ನಾವು ಕನ್ನಡಿಗರು ಚಿಪ್ಪುಹಂದಿ ಎನ್ನುವ ಪ್ರಾಣಿಯನ್ನು ಇಲ್ಲಿಯ ಮರಾಠಿ ಜನ ‘ಖವಲೆ ಮಾಂಜರ್’, ಅಂದರೆ ಚಿಪ್ಪಿನ ಬೆಕ್ಕು ಎನ್ನುತ್ತಾರೆ. ಹಂದಿಯೋ ಬೆಕ್ಕೋ ಎಂದು ಮನೆಯ ಮಕ್ಕಳು ಕೇಳಿದರೆ ಎರಡೂ ಅಲ್ಲವೆಂದೇ ಹೇಳಬೇಕು. ಆದರೂ ಈ ವಾದದಲ್ಲಿ ಗೆಲುವು ನಮ್ಮ ನೆರೆಯವರದೇ! ಇರುವೆ, ಗೆದ್ದಲು ತಿನ್ನುವ ಈ ಪ್ರಾಣಿಯನ್ನು ಶಾಸ್ತ್ರಜ್ಞರು ಹಿಂದೆ ಅಮೆರಿಕದ ಇರುವೆಭಕ್ಷಕಗಳ ಜೊತೆಗೆ ಎಣಿಸುತ್ತಿದ್ದರು. ಬೆಕ್ಕು, ನಾಯಿಗಳ ಗಣವೇ ಇದಕ್ಕೆ ಹತ್ತಿರದ ನಂಟೆಂಬುದು ಈಗ ವಂಶವಾಹಿಗಳ ಪರೀಕ್ಷೆಯಿಂದ ತಿಳಿದಿದೆ. ಇದರದು ಫೋಲಿಡೋಟ ಎಂಬ ಪ್ರತ್ಯೇಕ ಗಣ. ಮೊಸಳೆಯಂತೆ ಕಂಡರೂ ಮರಿಗೆ ಹಾಲೂಡುವ ಸಸ್ತನಿ. ಚಿಪ್ಪುಗಳಾದರೋ ನಮ್ಮ ಉಗುರಿನಲ್ಲಿರುವ ಕೆರಾಟಿನ್ ಮಾತ್ರವೇ.

ಕುಲಗೋತ್ರದ ಗೊಂದಲ ಮಡಿವಾಳ ಹಕ್ಕಿಗೂ ತಪ್ಪಿಲ್ಲ. ಬೇಸಗೆಯ ಬೆಳಗಿನಲ್ಲಿ ಮಾಳಿಗೆಯ ತುದಿಯಲ್ಲಿ ಕುಳಿತು ಸಿಳ್ಳು ಹಾಕುವ ಈ ಕಪ್ಪುಬಿಳುಪಿನ ಗಾಯಕನನ್ನು 1758ರಲ್ಲಿ ಲಿನೇಯಸ್ ಹೆಸರಿಸಿದ. ಬಹುಕಾಲ ಸಿಳ್ಳಾರಗಳ ಕುಟುಂಬದಲ್ಲಿದ್ದ ಇದನ್ನು ಈಗ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಹಕ್ಕಿಗೇನೂ ನಷ್ಟವಾಗಿಲ್ಲ, ಬಿಡಿ.

ನಷ್ಟದ ಲೆಕ್ಕ ಬೇರೆಯೇ ಇದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘದ ಕೆಂಪು ಪಟ್ಟಿಯಲ್ಲಿ ಮಡಿವಾಳ ಹಕ್ಕಿಗೆ ಸದ್ಯ ಚಿಂತೆಯಿಲ್ಲ. ಮನುಷ್ಯರ ತೋಟ, ಗೋಡೆಯ ಬಿರುಕುಗಳಲ್ಲೇ ಗೂಡು ಕಟ್ಟಿ ನಾಲ್ಕೈದು ಮೊಟ್ಟೆಯಿಡುತ್ತದೆ. ಹಾಗೆಂದು ನೆಮ್ಮದಿಯಿಂದ ಕೂಡುವಂತಿಲ್ಲ. ಇಂಪಾದ ಕೊರಳಿನ ದೆಸೆಯಿಂದ ಬಲೆಗಾರರ ಪಾಲಾಗಿ ಸಿಂಗಪುರದಲ್ಲಿ ಒಮ್ಮೆ ಇದು ಬಹಳ ವಿರಳವಾಗಿತ್ತು. ಭಾರತದ ಚಿಪ್ಪುಹಂದಿಯಾದರೋ ಅದೇ ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿದೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಕೊಂದಷ್ಟು ಬೇಗ ಹುಟ್ಟುವುದೆಲ್ಲಿಂದ?

ಬೆದರಿದ ಚಿಪ್ಪುಹಂದಿ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಚಿರತೆಯ ಹಲ್ಲನ್ನೂ ತಡೆಯುವ ಈ ಉಪಾಯ ಕಳ್ಳಬೇಟೆಗಾರನಿಗೆ ಅನುಕೂಲವೇ ಆಯಿತು: ಅವನು ಉಂಡೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಚಿಪ್ಪು ಔಷಧವೆಂದು ಚೀನಾದಲ್ಲಿ ಬಹುಕಾಲ ನಂಬಿಕೆ. 2016ರಲ್ಲಿ ರಾಷ್ಟ್ರಗಳು ಒಟ್ಟಾಗಿ ಎಲ್ಲ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು. 2020ರಲ್ಲಿ ಚೀನಾ ತನ್ನ ಅಧಿಕೃತ ಔಷಧಕೋಶದ ಪಟ್ಟಿಯಿಂದ ಚಿಪ್ಪನ್ನು ತೆಗೆಯಿತು. ನಮ್ಮಲ್ಲೂ ಮೂಲವ್ಯಾಧಿಗೆಂದು ಚಿಪ್ಪಿನ ಉಂಗುರ ತೊಡುವವರಿದ್ದಾರೆ. ಊರಿಗೆ ಹೋದಾಗ ಯಾರಾದರೂ ಅಂಥದನ್ನು ಮಾರಲು ತಂದರೆ ವಾಚಕರು ಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಳ್ಳುವವನೂ ಅಪರಾಧಿಯೇ.