ಕಲ್ಲು ಚಪ್ಪಡಿ ಮನೆಯ ರಿಪೇರಿ: ಕಂಟ್ರಾಕ್ಟರರೊಡನೆ ವ್ಯವಹರಿಸುವ ಬಗೆ

ಬೆಳೆಯ ಹಣ ಕೈಗೆ ಬಂದ ವರ್ಷ ನಮ್ಮವರಿಗೆ ಮೊದಲು ನೆನಪಾಗುವುದು ಸೋರುವ ಮಾಳಿಗೆ. ಅದೇ ವಾರ ಊರಿಗೆ ಒಬ್ಬ ಕಂಟ್ರಾಕ್ಟರರೂ ಬಂದಿರುತ್ತಾರೆ. ಯಾರ ಮನೆಯಲ್ಲಿ ಯಾವಾಗ ಹಣವಿರುತ್ತದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳೆಯ ಮನೆಗಳು ಹೆಚ್ಚಾಗಿ ಮಣ್ಣಿನ ಗೋಡೆ, ಕಲ್ಲು ಚಪ್ಪಡಿಯ ಸೂರು ಉಳ್ಳವು. ಅವುಗಳ ರಿಪೇರಿಯ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇವೆ. ಕಾಫಿ ಸೀಮೆಯ ಸದಸ್ಯರದು ಹೆಂಚಿನ ಮನೆಯಾದರೂ ಕರಾರು, ಅಳತೆ, ಕಂತಿನ ಮಾತು ಅವರಿಗೂ ಅನ್ವಯಿಸುತ್ತದೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮನೆಯ ಕೆಲಸವನ್ನು 2021ರ ಜುಲೈಯಲ್ಲಿ ಒಬ್ಬ ಕಂಟ್ರಾಕ್ಟರರಿಗೆ ಒಪ್ಪಿಸಿದೆವು. ಮಾತು ನಾಲ್ಕು ಲಕ್ಷಕ್ಕೆ. ಪ್ರತಿ ತಿಂಗಳ ಮೊದಲ ವಾರ ಇಷ್ಟು ಕೊಡಬೇಕೆಂದು ಬಾಯಿಮಾತಿನಲ್ಲೇ ಆಯಿತು. ಅಕ್ಟೋಬರ್ ವೇಳೆಗೆ ಮೂರು ಲಕ್ಷ ಸಂದಿತ್ತು, ಅರ್ಧ ಕೆಲಸವೂ ಆಗಿರಲಿಲ್ಲ. ಹಜಾರಕ್ಕೆ ದೊಡ್ಡ ಕಿಟಕಿ ಬೇಕೆಂದು ಹಠ ಹಿಡಿದವರು ನಾವು. ಚಪ್ಪಡಿಗೆ ಊರೆಗಂಬ ಕೊಡದೆ ಗೋಡೆ ಕತ್ತರಿಸಿದವರು ಅವರು. ಮಧ್ಯಾಹ್ನ ಆಳುಗಳು ಊಟಕ್ಕೆ ಕುಳಿತಿದ್ದಾಗ ಮೂರು ಚಪ್ಪಡಿಗಳು ಒಟ್ಟಿಗೆ ಕೆಳಗಿಳಿದವು. ಕಾಲು ಗಂಟೆ ಮೊದಲು ಒಬ್ಬ ಹುಡುಗ ಅಲ್ಲೇ ನಿಂತು ಇಟ್ಟಿಗೆ ಕೊಡುತ್ತಿದ್ದ. ಕಂಟ್ರಾಕ್ಟರರು ನಾಳೆ ಬರುತ್ತೇನೆಂದು ಹೋದವರು ಮತ್ತೆ ಬರಲಿಲ್ಲ. ನವೆಂಬರಿನಲ್ಲಿ ಕೆರೆಗಳೆಲ್ಲ ಕೋಡಿ ಬಿದ್ದ ಆ ಮಳೆ ಸದಸ್ಯರಿಗೆ ನೆನಪಿರಬೇಕು. ಅದನ್ನು ನಾವು ಟಾರ್ಪಾಲಿನ ಕೆಳಗೆ ಕಳೆದೆವು.

ಇಂಥ ಮನೆಯಲ್ಲಿ ಮೊದಲು ತಿಳಿಯಬೇಕಾದುದು ತೂಕ. ಎಂಟಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಂಗುಲ ದಪ್ಪದ ಒಂದು ಚಪ್ಪಡಿ ನಾಲ್ಕು ಘನ ಅಡಿಯಾಯಿತು. ನಮ್ಮ ಕಲ್ಲು ಘನ ಅಡಿಗೆ ಸುಮಾರು 75 ಕಿಲೋ ತೂಗುವುದರಿಂದ ಒಂದೊಂದು ಚಪ್ಪಡಿಯೂ 300 ಕಿಲೋ. ಅದರ ಮೇಲೆ ಮಣ್ಣಿನ ಹೊದಿಕೆ. ಸೋರಿದ ವರ್ಷವೆಲ್ಲ ಇನ್ನೆರಡು ಮಂಕರಿ ಮಣ್ಣು ಹಾಕಿ ತುಳಿಯುವುದು ಅಪ್ಪಂದಿರ ಕಾಲದಿಂದ ಬಂದ ರೂಢಿ. ಆರಂಗುಲ ಮಣ್ಣಿದ್ದರೆ ಒಂದು ಚದರಕ್ಕೆ, ಎಂದರೆ ನೂರು ಚದರಡಿಗೆ, ಎರಡು ಟನ್ನಿಗೂ ಮೇಲಾಗುತ್ತದೆ. ಹೆಚ್ಚುಕಡಿಮೆ ಕಲ್ಲಿನ ತೂಕದಷ್ಟೇ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಆದುದರಿಂದ ಸೋರುವ ಮಾಳಿಗೆಗೆ ಮೇಲೊಂದು ಕಾಂಕ್ರೀಟು ಪದರ ಹಾಕಿಬಿಡೋಣ ಎನ್ನುವವರ ಮಾತು ಕೇಳಬಾರದು. ಹಳೆಯ ಮಣ್ಣನ್ನು ಪೂರ್ತಿ ತೆಗೆಸಿ, ಚಪ್ಪಡಿಗಳ ಸಂದನ್ನು ಕೆರೆದು ಗಾರೆ ತುಂಬಿಸಿ, ನೀರು ಹರಿಯುವಂತೆ ವಾಟ ಕೊಟ್ಟು ತೆಳುವಾದ ಹೊದಿಕೆ ಹಾಕಿಸುವುದೇ ಸರಿ. ಮಣ್ಣು ತೆಗೆಯುವ ಮುಂಚೆ ಕೆಳಗೆ ನೀಲಗಿರಿ ಗಳಗಳ ಊರೆ ನಿಲ್ಲಿಸಿರಬೇಕು. ಚಪ್ಪಡಿಯನ್ನು ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಕಣಕಣಿಸುತ್ತದೆ. ಸತ್ತ ಸದ್ದು ಬಂದರೆ, ಅಥವಾ ನಡುವೆ ಅಡ್ಡಬಿರುಕು ಕಂಡರೆ, ಬದಲಿಸಬೇಕು ಇಲ್ಲವೇ ಕೆಳಗೊಂದು ತೊಲೆ ಕೊಡಬೇಕು.

ಗೋಡೆಯ ಬುಡವನ್ನೂ ನೋಡಿ. ಬೀದಿಗೆ ಸಿಮೆಂಟು ರಸ್ತೆ ಬಂದಮೇಲೆ ಎಷ್ಟೋ ಮನೆಗಳು ರಸ್ತೆಗಿಂತ ತಗ್ಗಾಗಿವೆ. ಮಳೆನೀರು ಗೋಡೆಯ ಬುಡಕ್ಕೇ ನಿಲ್ಲುತ್ತದೆ. ಅಲ್ಲಿ ಚರಂಡಿಯಾಗದೆ ಒಳಗೆ ಎಷ್ಟು ಬಣ್ಣ ಬಳಿಸಿದರೂ ದಂಡ.

ಇನ್ನು ಕರಾರಿನ ಮಾತು. ಹೊಸ ಮನೆಗೆ ಚದರಕ್ಕಿಷ್ಟು ಎಂದು ದರ ಕಟ್ಟುವುದು ವಾಡಿಕೆ. ಹಳೆಯ ಮನೆಗೆ ಇದು ಹೊಂದುವುದಿಲ್ಲ. ಗೋಡೆ ಬಿಚ್ಚುವವರೆಗೆ ಒಳಗೇನಿದೆಯೆಂದು ಯಾರಿಗೂ ತಿಳಿಯದು. ಬಿಚ್ಚಿದ ಮೇಲೆ ‘ಇದು ಮಾತಿನಲ್ಲಿ ಇರಲಿಲ್ಲ’ ಎಂಬ ತಕರಾರು ಶುರುವಾಗುತ್ತದೆ. ಬಿಚ್ಚುವುದಕ್ಕೆ, ಕಟ್ಟಡಕ್ಕೆ, ಗಾರೆಗೆ, ನೆಲಕ್ಕೆ ಬೇರೆ ಬೇರೆ ದರ ಬರೆಸಿ, ಆದ ಕೆಲಸವನ್ನು ಅಳೆದು ಕೊಡುವುದು ಮೇಲು. ಅಳತೆಗೆ ಒಂದು ನೋಟ್‌ಬುಕ್ ಇಟ್ಟು, ಟೇಪು ಹಿಡಿದ ದಿನವೇ ಇಬ್ಬರೂ ಸಹಿ ಹಾಕಿ. ಪಾಯದಂತಹ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುಂಚೆಯೇ ಅಳೆಯತಕ್ಕದ್ದು. ಮುಂಗಡ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ಮುಂದಿನ ಕಂತು ತಾರೀಖಿನಂತೆ ಅಲ್ಲ, ಕೆಲಸದಂತೆ: ಊರೆ ಕೊಟ್ಟು ಮಣ್ಣು ಇಳಿಸಿದಾಗ ಒಂದು, ಗೋಡೆ ಸರಿಪಡಿಸಿದಾಗ ಒಂದು, ಚಪ್ಪಡಿ ಕೂತು ಸಂದು ತುಂಬಿದಾಗ ಒಂದು. ಕೊನೆಯ ಹತ್ತನೇ ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳಬೇಕು. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಎಂದು ಬರೆಸಬಹುದು. ಪ್ರಾಮಾಣಿಕ ಮೇಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ. ಆದರೆ ಕೆಲಸ ಆದ ಸಂಜೆಯೇ ಅವರ ಕಂತನ್ನು ಕೊಡಬೇಕು. ಶನಿವಾರ ಬಟವಾಡೆಗೆ ಆಳುಗಳನ್ನು ಕಾಯಿಸುವ ಮಾಲೀಕರೂ ನಮ್ಮಲ್ಲಿದ್ದಾರೆ. ನಮ್ಮಲ್ಲಿ ಮಾತೆಲ್ಲ ತೆಲುಗಿನಲ್ಲಿ ನಡೆದು ಕಾಗದ ಮಾತ್ರ ಕನ್ನಡದಲ್ಲಿರುವುದುಂಟು. ಬರೆದದ್ದನ್ನು ಓದಿ ಹೇಳಿ, ಆಮೇಲೆ ಸಹಿ ಮಾಡಿಸಿ. ಕ್ಯೂರಿಂಗಿಗೆ ನೀರು ಯಾರದು ಎಂಬುದನ್ನೂ ಬರೆಯಿರಿ. ಬೇಸಿಗೆಯಲ್ಲಿ ಬೋರ್‌ವೆಲ್ ನೆಚ್ಚಿ ಏಳು ದಿನ, ಹತ್ತು ದಿನ ಹೊಸ ಗಾರೆ ನೆನೆಸುವುದು ಸುಲಭದ ಮಾತಲ್ಲ.

ಬಿಚ್ಚಿದ ಸಾಮಾನು ಯಾರಿಗೆ ಸೇರಬೇಕೆಂದು ನಾವು ಬರೆಸಿರಲಿಲ್ಲ. ಕಸದ ಟ್ರ್ಯಾಕ್ಟರಿನ ಜೊತೆಗೆ ತಾತನ ಕಾಲದ ಬಾಗಿಲುವಾಡವೂ ಎರಡು ಕಲ್ಲುಕಂಬಗಳೂ ಹೋದವು. ಬೆಂಗಳೂರಿನಲ್ಲಿ ಅವಕ್ಕೆ ಒಳ್ಳೆಯ ಬೆಲೆಯಿದೆ.

ಮರಳಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಮೋಸಹೋಗಿರುವಷ್ಟು ಇನ್ನಾರೂ ಹೋಗಿರಲಿಕ್ಕಿಲ್ಲ. ಹೊಲದ, ಕೆರೆಯಂಗಳದ ಮಣ್ಣನ್ನು ತೊಳೆದು ತೆಗೆದ ಫಿಲ್ಟರ್ ಮರಳಿನಲ್ಲಿ ಜೇಡಿ ಉಳಿದಿರುತ್ತದೆ. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ನೀರು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ಕೂತ ಹೂಳಿನ ಪದರ ನೂರಕ್ಕೆ ಎಂಟು ಪಾಲಿಗಿಂತ ಹೆಚ್ಚಿದ್ದರೆ ಲೋಡನ್ನು ಇಳಿಸಿಕೊಳ್ಳಬೇಡಿ. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಹಿಡಿಯುವುದೂ ಇಲ್ಲ. ಒಳಗಿನ ತೇವಕ್ಕೆ ಹೊರದಾರಿ ತಪ್ಪಿ ಎರಡು ವರ್ಷದಲ್ಲಿ ಹಲಗೆಯಂತೆ ಕಳಚುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಯೋಗ್ಯ. ಬಿದ್ದ ಗೋಡೆಯ ಮಣ್ಣನ್ನೂ ಎಸೆಯಬೇಕಾಗಿಲ್ಲ. ಅದಕ್ಕೆ ಅಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ರೂಢಿಗೆ ತಂದರು. ಮಣ್ಣು ತಕ್ಕುದಾಗಿದ್ದರೆ ಮಾಲೂರಿನಿಂದ ಇಟ್ಟಿಗೆ ತರಿಸುವ ಬಾಡಿಗೆ ಉಳಿಯುತ್ತದೆ.

ರೇಷ್ಮೆ ಸಾಕುವ ಮನೆಯವರು ಒಂದು ಎಚ್ಚರ ವಹಿಸಬೇಕು. ಮರಕ್ಕೂ ಪಾಯಕ್ಕೂ ಹೊಡೆಯುವ ಕ್ಲೋರ್‌ಪೈರಿಫಾಸ್, ಇಮಿಡಾಕ್ಲೋಪ್ರಿಡ್ ಮುಂತಾದ ಗೆದ್ದಲು ಔಷಧಿಗಳು ಕೀಟನಾಶಕಗಳೇ. ರೇಷ್ಮೆಹುಳುವೂ ಕೀಟವೇ. ಮೇಸ್ತ್ರಿಗೆ ಇದು ಹೊಳೆಯದು, ನಾವೇ ತಡೆಯಬೇಕು. ಸಾಕಣೆಯ ಕೋಣೆಯ ಕಡೆ ಅದನ್ನು ತರಲೇಬೇಡಿ.

ಹೊರಗೋಡೆ ಬೆಳೆಸುವುದಾದರೆ ಪಂಚಾಯಿತಿಯ ಅನುಮತಿಯೂ, ಸಾಲ ಬೇಕಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೂಡ ಮೊದಲೇ ಕೈಯಲ್ಲಿರಲಿ. ಹಣ ಪಡೆದು ಕೆಲಸ ಬಿಟ್ಟುಹೋದವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಾವು ಹೋಗಲಿಲ್ಲ. ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ.

ಮರುವರ್ಷ ಸಂಕ್ರಾಂತಿಯಾದ ಮೇಲೆ ಚಿಂತಾಮಣಿ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ ಉಳಿದ ಕೆಲಸ ಹಿಡಿದರು. ಅಳತೆಯ ನೋಟ್‌ಬುಕ್ಕು ಅವರೇ ಕೇಳಿ ತರಿಸಿದರು. ಕಿಟಕಿಯನ್ನು ಮೂರಡಿಗೆ ಇಳಿಸಿದರು. ಆ ದೀಪಾವಳಿ ಕಳೆದು ಕೊನೆಯ ಪಾಲಿಗೆ ಬಂದಾಗ ಹಣ ಎಣಿಸುವ ಮುಂಚೆ ಏಣಿ ಕೇಳಿ ಮಾಳಿಗೆ ಹತ್ತಿದರು, ಮೂಲೆಯಲ್ಲಿ ಬಿಟ್ಟಿದ್ದ ಒಂದು ಸಂದಿಗೆ ಗಾರೆ ತುಂಬಿ ಇಳಿದರು.