ಸುತ್ತು ಹಾಕುವ ಲೆಕ್ಕ: ಕಂಪ್ಯೂಟರಿನ ಲೂಪ್ ಅಂದ್ರೆ ಏನು?

ಕಂಪ್ಯೂಟರಿಗೆ ತಾನಾಗಿ ಏನೂ ತಿಳಿಯೋದಿಲ್ಲ. ನಾವು ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತದೆ. ಹೀಗೆ ಸಾಲು ಸಾಲಾಗಿ ಬರೆದುಕೊಟ್ಟ ಅಪ್ಪಣೆಗಳಿಗೆ ಪ್ರೋಗ್ರಾಂ ಅಂತ ಹೆಸರು. ಒಂದು ಸಾಲಿಗೆ ಒಂದು ಕೆಲಸ. ಹಾಗಾದರೆ ಒಂದೇ ಕೆಲಸ ನೂರು ಸಲ ಆಗಬೇಕಾದರೆ ನೂರು ಸಾಲು ಬರೀಬೇಕೆ? ಬೇಡ. ಕೆಲಸವನ್ನು ಒಂದು ಸಲ ಬರೆದು, ‘ಇದನ್ನೇ ಇಷ್ಟು ಸಲ ಮಾಡು’ ಅಂದರೆ ಸಾಕು. ಇದೇ ಲೂಪ್. ನಮ್ಮ ಮಾತಿನಲ್ಲಿ ಸುತ್ತು ಅನ್ನೋಣ.

ಚಿಲಮತ್ತೂರು ಕಡೆಯವರಿಗೆ ಸುತ್ತು ಹೊಸದೇನಲ್ಲ. ಗುಡಿಗೆ ಹೋದರೆ ನವಗ್ರಹಕ್ಕೆ ಒಂಬತ್ತು ಸುತ್ತು ಬರ್ತೀರಿ. ಎಷ್ಟು ಸುತ್ತು ಅನ್ನೋದು ಮೊದಲೇ ಗೊತ್ತು. ಮನೆಗೆ ಬಂದು ಕಡ್ಲೆಕಾಯಿ ಸುಲಿಯೋಕೆ ಕೂತರೆ ಎಷ್ಟು ಕಾಯಿ ಅಂತ ಯಾರೂ ಎಣಿಸೋದಿಲ್ಲ. ರಾಶಿ ಇರುವ ತನಕ ಸುಲಿಯೋದು, ಮುಗಿದ ಮೇಲೆ ಏಳೋದು. ಕಂಪ್ಯೂಟರಿನಲ್ಲೂ ಈ ಎರಡೂ ಇವೆ. ಎಣಿಸಿ ಹಾಕುವ ಸುತ್ತಿಗೆ ‘ಫಾರ್’ ಅಂತಾರೆ. ಒಂದು ಮಾತು ನಿಜವಾಗಿರುವ ತನಕ ನಡೆಯುವ ಸುತ್ತಿಗೆ ‘ವೈಲ್’ ಅಂತಾರೆ.

ಎರಡರ ಮಗ್ಗಿ ಎಣಿಸಿ ಹಾಕುವ ಸುತ್ತೇ. ಹೀಗೆ ಬರೆಯಬಹುದು:

ಎಣಿಕೆ 1ರಿಂದ 10ರವರೆಗೆ ಒಂದೊಂದೇ ಹೆಚ್ಚಲಿ.
ಪ್ರತಿ ಸಲ ಎಣಿಕೆಯನ್ನು ಎರಡರಿಂದ ಗುಣಿಸಿ ಬರೆ.

ಬರೆದದ್ದು ಎರಡು ಸಾಲು, ಬಂದದ್ದು ಹತ್ತು ಉತ್ತರ. 10ರ ಜಾಗದಲ್ಲಿ 1000 ಹಾಕಿದರೂ ಸಾಲು ಎರಡೇ. ಒಂದು ಎಚ್ಚರಿಕೆ: ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ‘ರೇಂಜ್’ ಬಳಸಿ 1, 10 ಅಂತ ಕೊಟ್ಟರೆ ಎಣಿಕೆ 9ಕ್ಕೇ ನಿಲ್ತದೆ. ಹತ್ತೂ ಬೇಕಾದರೆ 1, 11 ಅಂತ ಕೊಡಬೇಕು. ಹೊಸಬರು ತುಂಬ ಜನ ಇಲ್ಲೇ ಎಡವೋದು.

ಈ ಸುತ್ತನ್ನು ಕಣ್ಣಾರೆ ನೋಡಬೇಕಾದರೆ ಧರ್ಮಾವರಕ್ಕೆ ಹೋಗಿ. 2022ರಲ್ಲಿ ಅನಂತಪುರದಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ನಮ್ಮ ಚಿಲಮತ್ತೂರಿನಂತೆ ಅದೂ ಇದೆ. ಅಲ್ಲಿನ ರೇಷ್ಮೆ ಸೀರೆ ಉಟ್ಟವರೆಲ್ಲ ಅದರ ಅಂಚು ನೋಡಿರ್ತೀರಿ. ಒಂದೇ ಹೂವು ಅಂಚಿನ ಉದ್ದಕ್ಕೂ ಮತ್ತೆ ಮತ್ತೆ ಬರ್ತದೆ. ಅದನ್ನು ನೇಯುವವರು ನೆನಪಿನಿಂದ ಹಾಕೋದಲ್ಲ. ಮಗ್ಗದ ಮೇಲೆ ಜಕಾರ್ಡ್ ಎಂಬ ಯಂತ್ರ ಇರ್ತದೆ. ಅದಕ್ಕೆ ತೂತು ಮಾಡಿದ ರಟ್ಟಿನ ಕಾರ್ಡುಗಳು. ಕಾಲಿನ ಹಲಗೆ ಒಂದು ಸಲ ತುಳಿದರೆ ಒಂದು ಕಾರ್ಡು ಮುಂದೆ ಬರ್ತದೆ. ತೂತು ಇರುವ ಕಡೆ ಹಾಸಿನ ಎಳೆ ಮೇಲೇಳ್ತದೆ, ತೂತು ಇಲ್ಲದ ಕಡೆ ಕೆಳಗೇ ಉಳೀತದೆ. ನಡುವೆ ಲಾಳಿ ಹೋಗ್ತದೆ. ಹೀಗೆ ಹೂವಿನ ಒಂದು ಗೆರೆ ಆಯಿತು. ಕಾರ್ಡುಗಳನ್ನೆಲ್ಲ ದಾರದಿಂದ ಒಂದಕ್ಕೊಂದು ಕಟ್ಟಿ, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿಬಿಟ್ಟರೆ ಅದು ಹಾರದ ಹಾಗೆ ತಿರುಗ್ತದೆ. ಹಾರ ಒಂದು ಸುತ್ತು ಬಂದರೆ ಒಂದು ಹೂವು. ಸೀರೆಯಲ್ಲಿ ನೂರು ಹೂವಿದ್ದರೂ ಕಾರ್ಡು ಒಂದು ಹೂವಿಗೆ ಬೇಕಾದಷ್ಟೇ.

ಈ ಯಂತ್ರವನ್ನು 1804ರಲ್ಲಿ ಮಾಡಿದವರು ಫ್ರಾನ್ಸ್ ದೇಶದ ಲಿಯಾನ್ ಊರಿನ ಜೋಸೆಫ್ ಮರಿ ಜಕಾರ್ಡ್. ಅದೇ ತೂತಿನ ಕಾರ್ಡನ್ನು ಲೆಕ್ಕದ ಯಂತ್ರಕ್ಕೆ ಬಳಸಬೇಕು ಅಂತ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ನಕ್ಷೆ ಹಾಕಿದರು. ಅವರ ಯಂತ್ರ ಪೂರ್ತಿ ಆಗಲೇ ಇಲ್ಲ. ಆದರೆ ಅದರ ಬಗ್ಗೆ 1843ರಲ್ಲಿ ಅಡಾ ಲವ್‌ಲೇಸ್ ಎಂಬ ಹೆಂಗಸು ಟಿಪ್ಪಣಿ ಬರೆದರು. ಒಂದೇ ಗುಂಪಿನ ಕಾರ್ಡನ್ನು ಮತ್ತೆ ಮತ್ತೆ ತಿರುಗಿಸಿ ದೊಡ್ಡ ಲೆಕ್ಕ ಮಾಡಬಹುದು ಅಂತ ಅದರಲ್ಲಿ ವಿವರಿಸಿದ್ದಾರೆ. ಕಂಪ್ಯೂಟರ್ ಹುಟ್ಟೋದಕ್ಕೆ ಮೊದಲೇ ಲೂಪ್ ಇತ್ತು ಅನ್ನೋಕೆ ಇದೇ ಸಾಕ್ಷಿ.

ಒಂದು ವ್ಯತ್ಯಾಸ ಮಾತ್ರ ಇದೆ. ಸೀರೆ ಮುಗಿದಾಗ ನೇಯುವವರು ನಿಲ್ಲಿಸ್ತಾರೆ. ಕಂಪ್ಯೂಟರಿಗೆ ದಣಿವಿಲ್ಲ. ಎಲ್ಲಿ ನಿಲ್ಲಬೇಕು ಅಂತ ನಾವೇ ಬರೆದಿರಬೇಕು. ಇದು ಎಷ್ಟು ಮುಖ್ಯ ಅನ್ನೋದಕ್ಕೆ ಸಾಲದ ಲೆಕ್ಕ ನೋಡೋಣ.

ಬಿತ್ತನೆ ಬೀಜಕ್ಕೆ ಅಂತ ಒಬ್ಬರು 10,000 ರೂಪಾಯಿ ಸಾಲ ತಂದರು. ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ ಅಂತ ಇಟ್ಟುಕೊಳ್ಳೋಣ. (ಎಲ್ಲರೂ ಹಾಗೆ ಹಾಕೋದಿಲ್ಲ, ಸಾಲ ತರುವಾಗಲೇ ಕೇಳಿಕೊಳ್ಳಿ.) ತಿಂಗಳಿಗೆ 500 ಕಟ್ಟಿದರೆ ಎಷ್ಟು ತಿಂಗಳಿಗೆ ತೀರ್ತದೆ? ಗೊತ್ತಿಲ್ಲ. ಆದ್ದರಿಂದ ಇಲ್ಲಿ ‘ವೈಲ್’ ಬೇಕು.

ಸಾಲ 10,000. ತಿಂಗಳು 0.
ಸಾಲ ಸೊನ್ನೆಗಿಂತ ಹೆಚ್ಚು ಇರುವ ತನಕ ಹೀಗೆ ಮಾಡು:
ಸಾಲಕ್ಕೆ ನೂರಕ್ಕೆ ಮೂರರಂತೆ ಬಡ್ಡಿ ಸೇರಿಸು.
ಅದರಲ್ಲಿ 500 ಕಳೆ.
ತಿಂಗಳಿಗೆ 1 ಕೂಡಿಸು.

ಮೊದಲ ಸುತ್ತಿನಲ್ಲಿ ಬಡ್ಡಿ 300 ಸೇರಿ 10,300 ಆಯಿತು. 500 ಕಳೆದರೆ 9,800. ಕೊಟ್ಟದ್ದು 500, ಸಾಲ ಇಳಿದದ್ದು ಬರೀ 200! ಎರಡನೇ ಸುತ್ತಿಗೆ ಬಡ್ಡಿ 294, ಉಳಿದದ್ದು 9,594. ಹೀಗೆ ತಿರುಗಿ ತಿರುಗಿ 31ನೇ ತಿಂಗಳಿಗೆ ಸಾಲ ತೀರ್ತದೆ. ಕಟ್ಟಿದ ಹಣ ಒಟ್ಟು ಸುಮಾರು 15,500. ತಿಂಗಳಿಗೆ 400 ಕಟ್ಟಿದರೆ 47 ತಿಂಗಳು ಬೇಕು. 1,000 ಕಟ್ಟೋಕೆ ಆದರೆ 13ನೇ ತಿಂಗಳಿಗೆ ಮುಗೀತದೆ, ಆ ಕೊನೆಯ ಕಂತು 68 ರೂಪಾಯಿ ಮಾತ್ರ.

ಈಗ 500ರ ಜಾಗದಲ್ಲಿ 300 ಬರೆಯಿರಿ. 10,300ರಲ್ಲಿ 300 ಕಳೆದರೆ ಮತ್ತೆ 10,000. ಮುಂದಿನ ತಿಂಗಳೂ 10,000. ಹತ್ತು ವರ್ಷ ಕಟ್ಟಿದರೆ 36,000 ರೂಪಾಯಿ ಕೊಟ್ಟಿರ್ತೀರಿ, ಸಾಲ ಇದ್ದಲ್ಲೇ ಇರ್ತದೆ. ಪ್ರೋಗ್ರಾಂ ನಿಲ್ಲೋದೇ ಇಲ್ಲ. ಇದಕ್ಕೆ ಕೊನೆಯಿಲ್ಲದ ಲೂಪ್ ಅಂತಾರೆ. ಕಂಪ್ಯೂಟರಿನಲ್ಲಾದರೆ ಸಾಮಾನ್ಯವಾಗಿ ಕಂಟ್ರೋಲ್ ಮತ್ತು ಸಿ ಕೀಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬಹುದು. ಸಾಲಕ್ಕೆ ಅಂಥ ಕೀ ಇಲ್ಲ. ‘ತಿಂಗಳು ತಿಂಗಳೂ ಕಟ್ತಾನೇ ಇದ್ದೀವಿ, ತೀರ್ತಾನೇ ಇಲ್ಲ’ ಅನ್ನುವವರ ಮನೆಯಲ್ಲಿ ಒಮ್ಮೆ ಈ ಲೆಕ್ಕ ಹಾಕಿ ನೋಡಿ. ಕಟ್ಟುವ ಕಂತು ಬಡ್ಡಿಗಿಂತ ಹೆಚ್ಚಿದೆಯೋ ಇಲ್ಲವೋ ಅನ್ನೋದು ಮೊದಲ ಸುತ್ತಿನಲ್ಲೇ ಗೊತ್ತಾಗ್ತದೆ.

ಅಭ್ಯಾಸ: ಇದೇ ಸಾಲಕ್ಕೆ ತಿಂಗಳಿಗೆ 600 ರೂಪಾಯಿಯಂತೆ ಕಟ್ಟಿ. ಕಂಪ್ಯೂಟರ್ ಇಲ್ಲದಿದ್ದರೆ ನೋಟ್ ಪುಸ್ತಕದಲ್ಲಿ ತಿಂಗಳು, ಬಡ್ಡಿ, ಉಳಿದ ಸಾಲ ಅಂತ ಮೂರು ಗೆರೆ ಎಳೆದು ಒಂದೊಂದೇ ಸುತ್ತು ಬರೆಯಿರಿ. 24ನೇ ತಿಂಗಳು ಕಟ್ಟಬೇಕಾದ ಕೊನೆಯ ಕಂತು 272 ರೂಪಾಯಿಯ ಹತ್ತಿರ ಬರಬೇಕು. ಬರದಿದ್ದರೆ ಮೊದಲ ಸುತ್ತಿನಿಂದ ಮತ್ತೆ ನೋಡಿ.